ಕಲ್ಲು ಹೊದ್ದ ಹಿಮನದಿ

ಹಿಮವನ್ನು ಕಣ್ಣಾರೆ ಕಾಣುವ ಮೊದಲೇ ನಾನು ಮೂವತ್ತೊಂದು ಹಿಮನದಿಗಳಿಗೆ ಗಡಿ ಎಳೆದು ಮುಗಿಸಿದ್ದೆ. ಎಳೆದದ್ದು ಹೈದರಾಬಾದಿನ ಹಿಮಾಯತ್‌ನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಕೆಳಗೆ ಮಿಠಾಯಿ ಅಂಗಡಿ ಮತ್ತು ಶರಬತ್ತಿನ ಗಾಡಿ, ಪಕ್ಕದಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ, ಎದುರಿಗೆ ಇನ್ನೊಂದು ಕಂಪ್ಯೂಟರ್ ಕಲಿಸುವ ಕೇಂದ್ರ. ಮೇ ತಿಂಗಳ ಮಧ್ಯಾಹ್ನ ಫ್ಯಾನು ನಿಂತರೆ, ಬೆವರು ಹಿಮದ ಮೇಲೆ ಬೀಳಬಾರದೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡು ಕೂರುತ್ತಿದ್ದೆ. ಮನೆಯಲ್ಲಿ ಅವ್ವನದು ಒಂದೇ ರಾಗ. "ಊರಾಗಿನ ಮಂದಿಯೆಲ್ಲಾ ಕಂಪ್ಯೂಟರ್ ಕಲಿಯಾಕತ್ತಾರ, ನೀ ನೋಡಿದ್ರ ಬರ್ಫಕ್ಕ ಗೆರಿ ಹೊಡಿಯಾಕತ್ತಿ."

ನಮ್ಮ ಕೆಲಸ ಹೇಳಲು ಸುಲಭ. ಬೆಟ್ಟದ ಸೀಮೆಯ ಒಂದು ಸರ್ಕಾರಿ ಯೋಜನೆಯವರು ಉಪಗ್ರಹದ ಚಿತ್ರಗಳನ್ನು ಕಳಿಸುತ್ತಿದ್ದರು. ಬೆಳಕಿನ ಮೇಜಿನ ಮೇಲೆ ಚಿತ್ರ, ಚಿತ್ರದ ಮೇಲೆ ಪಾರದರ್ಶಕ ಹಾಳೆ, ಕೈಯಲ್ಲಿ ಭೂತಗನ್ನಡಿ ಮತ್ತು ಚೂಪಾದ ಪೆನ್ಸಿಲ್. ಪ್ರತಿ ಹಿಮನದಿಯ ಸುತ್ತ ಗೆರೆ ಎಳೆದು, ಅದು ಕೆಳಗೆ ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕಬೇಕು. ಆ ತುದಿಗೆ ನಾವು ಮೂತಿ ಎನ್ನುತ್ತಿದ್ದೆವು. ಹಳೆಯ ನಕ್ಷೆಯ ಮೂತಿಗೂ ಹೊಸ ಚಿತ್ರದ ಮೂತಿಗೂ ನಡುವಿನ ಅಂತರ ಅಳೆದರೆ ಹಿಮನದಿ ಎಷ್ಟು ಹಿಂದೆ ಸರಿದಿದೆ ಎಂದು ತಿಳಿಯುತ್ತದೆ.

ಚಿತ್ರದ ಬಣ್ಣಗಳು ಕಣ್ಣಿಗೆ ಕಾಣುವ ಬಣ್ಣಗಳಲ್ಲ. ಹಸಿರು ಪೈರು ಅದರಲ್ಲಿ ಕೆಂಪು. ಪೈರು ದಟ್ಟವಾದಷ್ಟೂ ಕೆಂಪು ದಟ್ಟ. ಮಂಜುಗಡ್ಡೆ ತೆಳು ನೀಲಿ, ಕಲ್ಲು ಬೂದು. ಬೆಳಗಿನ ಬಿಸಿಲಿನ ನೆರಳು ಬಿದ್ದ ರೀತಿಯಿಂದ ಕಣಿವೆ ದಿಣ್ಣೆಯಾಗಿ, ದಿಣ್ಣೆ ಕಣಿವೆಯಾಗಿ ಕಂಡು ಮೋಸ ಮಾಡುತ್ತವೆ. ಅದಕ್ಕೆ ಚಿತ್ರವನ್ನು ದಕ್ಷಿಣ ಮೇಲಾಗುವಂತೆ ತಲೆಕೆಳಗಾಗಿ ಇಟ್ಟುಕೊಂಡು ಓದುತ್ತಿದ್ದೆವು. ಹೊಸಬರು ಬಂದರೆ ನಾವು ನಕ್ಷೆಯನ್ನು ಉಲ್ಟಾ ಹಿಡಿದಿದ್ದೇವೆಂದು ಮುಸಿಮುಸಿ ನಗುತ್ತಿದ್ದರು.

ಕಚೇರಿಯಲ್ಲಿ ಇನ್ನೂ ಒಂದು ಪದ್ಧತಿ ಇತ್ತು. ಒಂದು ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ, ಒಬ್ಬರದನ್ನು ಒಬ್ಬರು ನೋಡದೆ ಎಳೆಯಬೇಕು. ಆಮೇಲೆ ಒಂದರ ಮೇಲೊಂದು ಇಟ್ಟು ಹೊಂದಿಸಬೇಕು. ಎಳೆದವರ ಗೆರೆಯನ್ನು ಎಳೆದವರೇ ಅಳಿಸಬೇಕು; ಇನ್ನೊಬ್ಬರು ಸಂಶಯ ಬಂದಲ್ಲಿ ಒಂದು ಸಣ್ಣ ಸೊನ್ನೆ ಮಾತ್ರ ಹಾಕಬಹುದು. ನನ್ನ ಜೋಡಿಯಾಗಿದ್ದವರು ನಮ್ಮ ಹಿರಿಯರು. ರಾಯಚೂರು ಕಡೆಯವರು, ಸರ್ಕಾರಿ ನೌಕರಿಯಲ್ಲಿ ಬದುಕಿಡೀ ವಿಮಾನದ ಚಿತ್ರಗಳನ್ನು ಓದಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ನಮ್ಮ ಮನೆತನವೂ ಅದೇ ಕಡೆಯದು. ಇಬ್ಬರೂ ಸೇರಿದರೆ ಕನ್ನಡ, ಉಳಿದವರೊಂದಿಗೆ ತೆಲುಗು, ಚಹಾದವನೊಂದಿಗೆ ಹಿಂದಿ.

ಹದಿನೇಳನೆಯ ಹಾಳೆಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನೀಲಿ ಮಂಜುಗಡ್ಡೆ ಕಣಿವೆಯುದ್ದಕ್ಕೂ ಇಳಿದು ಬಂದು ಒಂದು ಕಡೆ ಥಟ್ಟನೆ ಮುಗಿಯುತ್ತಿತ್ತು. ಅಲ್ಲಿಂದ ಕೆಳಕ್ಕೆ ಬರೀ ಬೂದು ಕಲ್ಲುರಾಶಿ. ಮಂಜುಗಡ್ಡೆಯ ಅಂಚಿನಿಂದ ಹೊರಟ ಸಣ್ಣ ತೊರೆಯೊಂದು ಕಲ್ಲುಗಳ ಮೇಲೆ ಸ್ವಲ್ಪ ದೂರ ಹರಿದು, ಪಕ್ಕದಲ್ಲಿ ಸಣ್ಣ ಕೊಳವಿದ್ದ ಒಂದು ಸಮತಟ್ಟಾದ ಜಾಗದಲ್ಲಿ ಮಾಯವಾಗುತ್ತಿತ್ತು. ಸುಮಾರು ಒಂದೂವರೆ ಕಿಲೋಮೀಟರು ಕೆಳಗೆ ಕೆಸರು ನೀರಾಗಿ ಮತ್ತೆ ಏಳುತ್ತಿತ್ತು. ನಾನು ಮೂತಿಯನ್ನು ನೀಲಿ ಮುಗಿಯುವಲ್ಲಿ ಗುರುತಿಸಿದೆ. ಹಿರಿಯರೂ ಅಲ್ಲೇ ಗುರುತಿಸಿದ್ದರು. ಎರಡೂ ಹಾಳೆ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ನಮ್ಮ ಗೆರೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಆಪರೇಟರ್ ಮಹಿಳೆ ವಾರಂಗಲ್ ಕಡೆಯವರು. ಆಕೆ ಗೆರೆ ಏರಿಸುತ್ತಾ ಕುರ್ಚಿ ತಿರುಗಿಸಿ ಕೇಳಿದರು.

"ನೀಳ್ಳು ಎಕ್ಕಡಿಕಿ ಪೋತುನ್ನಾಯಿ ಮೇಡಂ?"

ನೀರು ಎಲ್ಲಿಗೆ ಹೋಗುತ್ತಿದೆ ಎಂದು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ತಯಾರಿತ್ತು. ಬೇಸಿಗೆಯಲ್ಲಿ ನಮ್ಮ ಕಡೆಯ ಹಳ್ಳಗಳನ್ನು ನೋಡಿದವರಿಗೆ ಇದೇನು ಸೋಜಿಗ? ಹರಿಯುವ ನೀರು ಮರಳಿನ ಅಡಿ ಇಂಗಿಹೋಗುತ್ತದೆ, ಮುಂದೆಲ್ಲೋ ಒರತೆಯಾಗಿ ಏಳುತ್ತದೆ. ಚಿಕ್ಕವಳಿದ್ದಾಗ ಅಜ್ಜಿಯ ಊರಿನ ಹಳ್ಳದಲ್ಲಿ ಕೈಯಿಂದ ಮರಳು ತೋಡಿ ನೀರು ಕುಡಿದವಳು ನಾನು. ಹಿರಿಯರೂ ತಲೆಯಾಡಿಸಿದರು. "ಹೌದವಾ, ನಮ್ಮ ಹಳ್ಳದಾಗ ಹಂಗ ಐತಿ. ಉಸುಕಿನ ಬುಡಕ ಹೋಗಿ ಮುಂದ ಏಳತೈತಿ."

"ಇಲ್ಲಿ ಮರಳು ಕಾಣುವುದಿಲ್ಲವಲ್ಲ ಮೇಡಂ, ಬರೀ ಕಲ್ಲಿದೆ" ಎಂದರು ಆಕೆ.

ಕಲ್ಲಿನ ಕೆಳಗೆ ಮರಳು ಇದ್ದೇ ಇರುತ್ತದೆ ಎಂದು ಮಾತು ಮುಗಿಸಿಬಿಟ್ಟೆ. ಹತ್ತು ವರ್ಷದಿಂದ ಚಿತ್ರ ಓದುತ್ತಿದ್ದವಳ ಜಂಭ ಅದು, ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಬೂದು ಜಾಗದ ಮೇಲೆ 'ಹಿಮವಿಲ್ಲದ, ನೆಲೆ ನಿಂತ ಕಲ್ಲುರಾಶಿ' ಎಂದು ಬರೆದು, ನನ್ನ ಹೆಸರಿನ ಮೊದಲಕ್ಷರ ಹಾಕಿದೆ. ಪಕ್ಕದಲ್ಲಿ ಹಿರಿಯರು ತಮ್ಮದನ್ನು ಹಾಕಿದರು.

ಮುಂದಿನ ವರ್ಷ ಆಗಸ್ಟ್ ಕೊನೆಗೆ ಯೋಜನೆಯವರಿಂದ ಪತ್ರ ಬಂತು. ಹದಿನೇಳನೆಯ ಹಾಳೆಯ ಕಣಿವೆಯಲ್ಲಿ ಒಂದು ಊರಿದೆ. ಅವರ ನೀರಿನ ಕಾಲುವೆಯ ತಲೆಯ ಭಾಗ ಭೂಕುಸಿತದಲ್ಲಿ ಕೊಚ್ಚಿಹೋಗಿ ಹೊಲಗಳಿಗೆ ನೀರು ಸಾಲುತ್ತಿಲ್ಲ. ನಮ್ಮ ಹಾಳೆಯನ್ನು ನೋಡಿದ ಎಂಜಿನಿಯರರು, ತೊರೆ ಇಂಗುವ ಮೊದಲೇ ಅದನ್ನು ಹಿಡಿಯಲು ಆ ಸಮತಟ್ಟಾದ ಜಾಗದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟುವುದೆಂದು ತೀರ್ಮಾನಿಸಿದ್ದಾರೆ. ಹಿಮ ಬೀಳುವ ಮೊದಲು ಕೆಲಸ ಮುಗಿಯಬೇಕು. ನಿಯಮದಂತೆ ಗೆರೆ ಎಳೆದವರೊಬ್ಬರು ಬಂದು ಸ್ಥಳ ನೋಡಿ ವರದಿ ಕೊಡಬೇಕು. ಹಿರಿಯರಿಗೆ ಮಂಡಿನೋವು. ನಾನು ಹೊರಟೆ. ನಾನೆಳೆದ ಗೆರೆಯನ್ನು ತುಳಿದು ನೋಡುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಖುಷಿಯಲ್ಲಿ ಅಬಿಡ್ಸ್‌ಗೆ ಹೋಗಿ ಎರಡು ಉಣ್ಣೆಯ ಟೋಪಿ ಕೊಂಡೆ. ಅಂಗಡಿಯವನು ಆ ಸೆಕೆಯಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

ರೈಲು, ಬಸ್ಸು, ಜೀಪು, ಕೊನೆಗೆ ಎರಡು ದಿನದ ನಡಿಗೆ. ಎತ್ತರಕ್ಕೆ ತಲೆ ಸಿಡಿಯುತ್ತಿತ್ತು. ಡೇರೆ ಮತ್ತು ಸಾಮಾನು ಹೊರಲು ಊರಿನಿಂದ ಒಬ್ಬ ಹೆಂಗಸು ಬಂದರು. ನಲವತ್ತೈದರ ಸುಮಾರು ವಯಸ್ಸು, ಬೆನ್ನ ಮೇಲೆ ಮೂಟೆ, ಕೈಯಲ್ಲಿ ಒಂದು ಹಾರೆ. ನನ್ನ ಹೈದರಾಬಾದಿ ಹಿಂದಿ ಕೇಳಿ ಅವರಿಗೆ ನಗು, ಅವರ ಬೆಟ್ಟದ ಹಿಂದಿ ನನಗೆ ಅರ್ಧಂಬರ್ಧ. ಆದರೂ ದಾರಿಯುದ್ದಕ್ಕೂ ಮಾತು ನಿಲ್ಲಲಿಲ್ಲ. ಕಾಲುವೆಯ ಕಟ್ಟಕಡೆಯ ಹೊಲ ಅವರದು. ಎರಡು ಬೇಸಿಗೆಯಿಂದ ನೀರು ಅಲ್ಲಿಗೆ ಮುಟ್ಟಿಲ್ಲ. ಬಟಾಣಿ ಹೂವಿನಲ್ಲೇ ಒಣಗಿತು. ಊರವರು ಪಕ್ಕದ ಬೆಟ್ಟದ ಕೊರಕಲಿನಿಂದ ನೀರು ತರೋಣ ಎಂದಿದ್ದರಂತೆ. ದಾರಿ ದೂರ, ಕೆಲಸ ಜಾಸ್ತಿ. ನಕ್ಷೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇದೆ ಎಂದು ಎಂಜಿನಿಯರರು ಹೇಳಿದ ಮೇಲೆ ಸುಮ್ಮನಾದರು.

"ಆ ನಕ್ಷೆ ನಿಮ್ಮ ಊರಿನಲ್ಲೇ ಆದದ್ದಂತೆ" ಎಂದರು ಅವರು. "ನಾನೇ ಮಾಡಿದ್ದು" ಎಂದೆ. ಹೆಮ್ಮೆಯಿಂದಲೇ ಎಂದೆ.

ಮೂರನೆಯ ದಿನ ಬೆಳಿಗ್ಗೆ ಸಮತಟ್ಟಾದ ಜಾಗಕ್ಕೆ ಮುಟ್ಟಿದೆವು. ತಲೆಕೆಳಗಾಗಿ ಎಷ್ಟೋ ಸಲ ನೋಡಿದ ಜಾಗ. ಬೂದು ಕಲ್ಲು, ಅದರ ಮೇಲೆ ತೊರೆ, ತೊರೆ ಮಾಯವಾಗುವ ತೂತು, ಪಕ್ಕದಲ್ಲಿ ಸಣ್ಣದೊಂದು ಕೊಳ. ಎಲ್ಲವೂ ನಾನು ಗುರುತಿಸಿದಲ್ಲೇ ಇತ್ತು. ತೊಟ್ಟಿಯ ಜಾಗ ತೋರಿಸಲು ಎಂಜಿನಿಯರರು ಹಿಂದಿನ ಸೆಪ್ಟೆಂಬರಿನಲ್ಲಿ ಕಲ್ಲುಗಳಿಗೆ ಕೆಂಪು ಬಣ್ಣ ಬಳಿಸಿದ್ದರು. ಬೆಟ್ಟದ ಗೋಡೆಯ ಮೇಲೆ ಒಂದು ಗುರುತು, ಅಲ್ಲಿಂದ ಕಲ್ಲುರಾಶಿಯ ನಡುವಿನವರೆಗೆ ಸಾಲಾಗಿ ನಾಲ್ಕು. ನಾನು ಗೋಡೆಯ ಬಳಿ ನಿಂತು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದೆ. ಸಾಲು ನೇರವಾಗಿರಲಿಲ್ಲ. ನಡುವಿನತ್ತ ಹೋದಂತೆ ಗುರುತುಗಳು ಕೆಳಕ್ಕೆ ಬಾಗಿದ್ದವು.

ಬಳಿದವನು ಕುಡಿದಿದ್ದನೇನೋ ಎಂದೆ ನಗುತ್ತಾ.

ಆಕೆ ನಗಲಿಲ್ಲ. "ಬಣ್ಣ ಬಳಿಯುವಾಗ ಹಗ್ಗ ಹಿಡಿದವಳು ನಾನೇ. ಹಗ್ಗ ನೆಟ್ಟಗಿತ್ತು" ಎಂದರು.

ಡೇರೆಯ ಹಗ್ಗಗಳನ್ನು ಗಂಟು ಹಾಕಿ ಮತ್ತೆ ಎಳೆದೆವು. ಗೋಡೆಯ ಗುರುತು ಮತ್ತು ಮೊದಲ ಕಲ್ಲು ಹಗ್ಗಕ್ಕೆ ತಾಗುವಂತಿದ್ದವು. ಎರಡನೆಯದು ಎರಡು ಹೆಜ್ಜೆ ಕೆಳಗೆ. ಮೂರನೆಯದು ಐದು. ನಾಲ್ಕನೆಯದು, ಆನೆಮರಿಯಷ್ಟು ದೊಡ್ಡ ಬಂಡೆ, ಎಂಟು ಹೆಜ್ಜೆ ಕೆಳಗೆ. ಉರುಳಿ ಬಂದಿರಬಹುದೇ ಎಂದು ಸುತ್ತ ನೋಡಿದೆ. ಉರುಳಿದ್ದರೆ ಬಣ್ಣದ ಮುಖ ತಿರುಗಿರಬೇಕಿತ್ತು. ಅದು ಗೋಡೆಯತ್ತಲೇ ಇತ್ತು. ನೆಲೆ ನಿಂತ ಕಲ್ಲುರಾಶಿ ಎಂದು ನಾನು ಬರೆದ ಕಲ್ಲು, ಮುಖ ತಿರುಗಿಸದೆ, ಒಂದು ವರ್ಷದಲ್ಲಿ ಎಂಟು ಹೆಜ್ಜೆ ನಡೆದಿತ್ತು.

ಕೊಳದ ದಂಡೆಗೆ ಹೋದೆವು. ದಂಡೆಯ ಒಂದು ಬದಿ ಕಡಿದು ನಿಂತಿತ್ತು. ಆಕೆ ಹಾರೆಯಿಂದ ಕಲ್ಲು ಕೆದರಿದರು. ಮೊಣಕೈಯಷ್ಟು ಆಳಕ್ಕೆ ಹೋಗುತ್ತಲೇ ಹಾರೆಯ ಸದ್ದು ಬದಲಾಯಿತು. ಮಣ್ಣು ಒರೆಸಿ ನೋಡಿದರೆ ಕಪ್ಪಗೆ ಹೊಳೆಯುವ ಮಂಜುಗಡ್ಡೆ. ಆಕೆ ಒಂದು ಚೂರು ಒಡೆದು ನನ್ನ ಅಂಗೈಯಲ್ಲಿಟ್ಟರು. ನಾನು ಮುಟ್ಟಿದ ಮೊದಲ ಹಿಮನದಿ ಅದು. ಅದರೊಳಗೆ ಸಾಸಿವೆಯಷ್ಟು ದೊಡ್ಡ ಗಾಳಿಗುಳ್ಳೆಗಳು ಸಾಲುಗಟ್ಟಿದ್ದವು. ಸುಳ್ಳೇಕೆ ಹೇಳಲಿ, ನಾಚಿಕೆಗಿಂತ ಮೊದಲು ಬಂದದ್ದು ಸಂತೋಷ. ಅಂದರೆ ನೀಲಿ ಮುಗಿದಲ್ಲಿ ಹಿಮನದಿ ಮುಗಿದಿರಲಿಲ್ಲ, ಕಲ್ಲು ಹೊದ್ದುಕೊಂಡು ಮುಂದಕ್ಕೆ ಹೋಗಿತ್ತು. ನೀರು ಇಂಗಿದ್ದು ಮರಳಿಗಲ್ಲ, ಮಂಜುಗಡ್ಡೆಯ ಬಿರುಕಿಗೆ. ನಾನು ಆ ಚೂರನ್ನು ಕರಗಿ ಹೋಗುವವರೆಗೂ ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ನಾಚಿಕೆ ಬಂತು.

ಎರಡು ದಿನ ಅದೇ ಕೆಲಸ. ಇನ್ನೂರು ಹೆಜ್ಜೆಗೊಂದು ಗುಂಡಿ ತೋಡುತ್ತಾ ಕೆಳಗಿಳಿದೆವು. ಕಲ್ಲಿನ ಪದರ ದಪ್ಪವಾಗುತ್ತಾ ಹೋಯಿತು. ಮೊಣಕೈ ಆಳ, ತೋಳುದ್ದ, ಆಮೇಲೆ ಎದೆಯಾಳ. ಪ್ರತಿ ಗುಂಡಿಯಲ್ಲೂ ತಳದಲ್ಲಿ ಅದೇ ಕಪ್ಪು ಹೊಳಪು. ಪ್ರತಿ ಗುಂಡಿಯ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ, ಆಳವನ್ನು ಟೇಪಿನಿಂದ ಅಳೆದು ಬರೆದುಕೊಂಡೆ. ಕೊನೆಗೆ ಕೆಸರು ನೀರು ಏಳುವ ಜಾಗ ಬಂತು. ಚಿತ್ರದಲ್ಲಿ ನಾನು ಒರತೆ ಎಂದುಕೊಂಡದ್ದು ಒಂದು ತಗ್ಗಾದ ಮಂಜಿನ ಗುಹೆ. ಒಳಗಿಂದ ತಣ್ಣನೆ ಗಾಳಿ ಬೀಸುತ್ತಿತ್ತು, ಕಲ್ಲು ಉರುಳುವ ಸದ್ದು ಕೇಳುತ್ತಿತ್ತು. ಮೂತಿ ಅದು. ನನ್ನ ಗೆರೆಗಿಂತ ಒಂದೂವರೆ ಕಿಲೋಮೀಟರು ಕೆಳಗೆ.

ಅವತ್ತು ಸಂಜೆ ಎಂಜಿನಿಯರರು ಡೇರೆಗೆ ಬಂದರು. ಸೋಮವಾರ ಸಿಮೆಂಟು ಮೇಲಕ್ಕೆ ಹೊರಿಸುವವರಿದ್ದರು. ನಮ್ಮ ಕಚೇರಿಯ ನಿಯಮ ಸ್ಪಷ್ಟ: ಸ್ಥಳದಲ್ಲಿ ಕಂಡದ್ದನ್ನು ಯಾರಿಗೂ ಹೇಳಕೂಡದು, ವರದಿ ಬರೆದು ಹೈದರಾಬಾದಿಗೆ ತಂದು, ಇಬ್ಬರೂ ಒಪ್ಪಿದ ಮೇಲೆ ಕಳಿಸಬೇಕು. ಅಷ್ಟರಲ್ಲಿ ತೊಟ್ಟಿ ಕಟ್ಟಿ ಮುಗಿದಿರುತ್ತಿತ್ತು. ಹೇಳಿದರೂ ಊರಿಗೆ ನಷ್ಟವೇ. ಕೊರಕಲಿನ ಕಾಲುವೆ ಉದ್ದದ್ದು, ಹಿಮ ಬೀಳುವ ಮೊದಲು ಮುಗಿಯುವುದಿಲ್ಲ, ಬರುವ ಬೇಸಿಗೆಗೆ ನೀರಿಲ್ಲ. ಹೇಳದಿದ್ದರೆ ನೀರು ಬರುತ್ತದೆ, ನೆಲ ಎಷ್ಟು ದಿನ ಸುಮ್ಮನಿರುತ್ತದೋ ಅಷ್ಟು ದಿನ. ನನಗೆ ನೆನಪಾಗುತ್ತಿದ್ದದ್ದು ನಿಯಮವಲ್ಲ, ಹೂವಿನಲ್ಲೇ ಒಣಗಿದ ಬಟಾಣಿ.

ಆದರೂ "ಇಲ್ಲಿ ಕಟ್ಟಬೇಡಿ" ಎಂದೆ. "ಕೆಳಗೆ ಮಂಜುಗಡ್ಡೆ ಇದೆ. ಅದು ನಡೆಯುತ್ತಿದೆ, ಕರಗುತ್ತಿದೆ. ನನ್ನ ಗೆರೆ ತಪ್ಪು."

ಎಂಜಿನಿಯರರು ಚೀಲದಿಂದ ಹಾಳೆ ತೆಗೆದರು. "ಇದನ್ನು ಬರೆದು ಕೊಡುತ್ತೀರಾ?" ಎಂದು ಕೇಳಿದರು. ಅವರ ಕೈಯಲ್ಲಿದ್ದ ಹದಿನೇಳನೆಯ ಹಾಳೆಯ ಪ್ರತಿಯ ಮೇಲೆ ನನ್ನ ಗೆರೆಗೆ ಅಡ್ಡಗೀಟು ಹಾಕಿ, ಕೆಳಗಿನ ಮೂತಿ ಗುರುತಿಸಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಬಾಗಿಲಲ್ಲಿ ಕೂತಿದ್ದ ಆ ಹೆಂಗಸು ಎಲ್ಲ ಕೇಳಿಸಿಕೊಂಡರು. "ಹಾಗಾದರೆ ಬರುವ ಬೇಸಿಗೆಯೂ ಹೋಯಿತು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಹೊರಟು, ನನ್ನ ಮೂಟೆ ಹೊತ್ತು ರಸ್ತೆಯವರೆಗೂ ಬಂದರು.

ಹೈದರಾಬಾದಿನಲ್ಲಿ ಕಚೇರಿಯ ಮುಖ್ಯಸ್ಥರು ಒಂದು ವಾರ ನನ್ನ ಮುಖ ನೋಡಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ನನಗೆ ಕಷ್ಟವಾದದ್ದು ಹಿರಿಯರನ್ನು ಒಪ್ಪಿಸುವುದು. ಗುಂಡಿಗಳ ಫೋಟೋ ನೋಡಿದರು, ಅಳತೆ ನೋಡಿದರು, ತಲೆಯಾಡಿಸಿದರು.

"ನಮ್ಮ ಬಿಸಿಲಾಗ ಕಲ್ಲಿನ ಮ್ಯಾಲೆ ಕಾಲಿಟ್ರ ಅಂಗಾಲು ಸುಡತೈತಿ. ಕಾದ ಕಲ್ಲಿನ ಬುಡಕ ಬರ್ಫ ಹೆಂಗ ಉಳೀತೈತಿ, ಹೇಳು ನೋಡೂಣು. ಎಲ್ಲೋ ಒಂದೊಂದು ತುಂಡು ಉಳಿದಿರಬೇಕವಾ."

ವಾದ ಮಾಡಿ ಗೆಲ್ಲುವ ಮನುಷ್ಯರಲ್ಲ ಅವರು. ನಾನು ನಾಚಾರಂನ ಒಂದು ಐಸ್ ಫ್ಯಾಕ್ಟರಿಗೆ ಹೋಗಿ ಒಂದೇ ಅಳತೆಯ ಮೂರು ಗಡ್ಡೆ ಆಟೋದಲ್ಲಿ ತಂದೆ. ಒಂದನ್ನು ಹಾಗೇ ಬಿಡುವುದು, ಒಂದಕ್ಕೆ ಧೂಳು ಉದುರಿಸುವುದು, ಒಂದರ ಮೇಲೆ ಗೇಣು ದಪ್ಪ ಜಲ್ಲಿಕಲ್ಲು ಹಾಕುವುದು ಎಂದು ಲೆಕ್ಕ. ಕಚೇರಿಯ ತಾರಸಿಗೆ ಹೊರಿಸಿ ಗೋಣಿಚೀಲ ಬಿಚ್ಚಿಸಿದೆ. ಗಡ್ಡೆಗಳ ಸುತ್ತ ಫ್ಯಾಕ್ಟರಿಯವರು ದಪ್ಪಗೆ ಭತ್ತದ ಹೊಟ್ಟು ಮೆತ್ತಿದ್ದರು. ಹಿರಿಯರು ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಮೇಲಿನ ಹೊಟ್ಟು ಬಿಸಿಲಿಗೆ ಬೆಚ್ಚಗಿತ್ತು, ಒಳಗಿನದು ತಣ್ಣಗಿತ್ತು. ಒಮ್ಮೆಲೇ ನಗತೊಡಗಿದರು.

"ನಮ್ಮ ಕೆಳಗಿನ ಶರಬತ್ತಿನಾವ ದಿನಾ ಬರ್ಫ ಹೊಟ್ಟಿನಾಗ ಮುಚ್ಚಿ ಇಡತಾನಲ್ಲವಾ. ದಿನಾ ನೋಡ್ಕೋತ ಮೆಟ್ಟಿಲ ಹತ್ತೀವಿ."

ಆದರೂ ಪ್ರಯೋಗ ಬಿಡಲಿಲ್ಲ. ಇಬ್ಬರೂ ಛತ್ರಿ ಹಿಡಿದು ಕೂತೆವು. ಧೂಳು ಉದುರಿಸಿದ ಗಡ್ಡೆ ಎಲ್ಲಕ್ಕಿಂತ ಮೊದಲು ಕರಗಿತು, ಆಮೇಲೆ ಬರಿಯ ಗಡ್ಡೆ. ಜಲ್ಲಿ ಹೊದ್ದದ್ದು ಸಂಜೆಯ ಚಹಾ ಬರುವ ಹೊತ್ತಿಗೂ ಅರ್ಧದಷ್ಟಿತ್ತು. ತೆಳು ಧೂಳು ಬಿಸಿಲು ಹೀರಿ ಕರಗಿಸುತ್ತದೆ, ದಪ್ಪ ಕಲ್ಲು ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆಪರೇಟರ್ ಮಹಿಳೆ ಗಂಟೆಗೊಮ್ಮೆ ಬಂದು ಅಳತೆ ಬರೆದುಕೊಂಡು ಹೋದರು. ಆಕೆಯ ಬಳಿ ನಾನು ಕ್ಷಮೆ ಕೇಳಿದೆ. "ನನಗೇನು ಗೊತ್ತಿತ್ತು ಮೇಡಂ, ಸುಮ್ಮನೆ ಕೇಳಿದೆ" ಎಂದರು.

ಮರುದಿನ ಹದಿನೇಳನೆಯ ಮೂಲ ಹಾಳೆ ತೆಗೆದು ಬೆಳಕಿನ ಮೇಜಿನ ಮೇಲಿಟ್ಟೆ. ನನ್ನ ಗೆರೆ ಅಳಿಸಿದೆ. ರಬ್ಬರು ಕೆಳಗಿಡುವ ಮೊದಲೇ ಹಿರಿಯರು ಕೈ ಚಾಚಿದರು. ತಮ್ಮ ಹಾಳೆ ತಂದು ತಮ್ಮ ಗೆರೆಯನ್ನು ತಾವೇ ಅಳಿಸಿದರು. ಇಬ್ಬರು ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ ಎಂಬುದು ನಮ್ಮ ಪದ್ಧತಿಯ ನಂಬಿಕೆ. ಒಂದೇ ಹಳ್ಳದ ನೀರು ಕುಡಿದ ಇಬ್ಬರು ನೋಡಿದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಅಂದಿನಿಂದ ಜೋಡಿಗಳನ್ನು ಬದಲಿಸಿದೆವು. ಮೂವತ್ತೊಂದು ಹಾಳೆಗಳನ್ನೂ ಮತ್ತೆ ಓದಿದೆವು. ಒಂಬತ್ತರಲ್ಲಿ ಮೂತಿ ಕೆಳಕ್ಕೆ ಬಂತು.

ಮುಂದಿನ ಆಗಸ್ಟಿನ ಚಿತ್ರಗಳು ಬಂದಾಗ ನಾನು ಮೊದಲು ತೆಗೆದದ್ದು ಆ ಕಣಿವೆಯದು. ತೊಟ್ಟಿ ಕಟ್ಟಬೇಕಾಗಿದ್ದ ಸಮತಟ್ಟಾದ ಜಾಗ ಇರಲಿಲ್ಲ. ಅಲ್ಲಿ ಕಪ್ಪಗೆ ಒಂದು ದೊಡ್ಡ ಕೊಳವಿತ್ತು. ನೆಲ ಕುಸಿದು ಸಣ್ಣ ಕೊಳವನ್ನೂ ತೊರೆಯನ್ನೂ ನುಂಗಿತ್ತು. ಸರಿಯಾಗಿ ಹೇಳಿದೆ ಎಂಬ ಸಮಾಧಾನ ಬರಬೇಕಿತ್ತು. ನಾನು ಭೂತಗನ್ನಡಿಯನ್ನು ಕೆಳಕ್ಕೆ, ಊರಿನ ಹೊಲಗಳತ್ತ ಸರಿಸಿದೆ. ಊರಿನ ಪಕ್ಕದಲ್ಲಿ ತುಸು ಕೆಂಪು, ದೂರ ಹೋದಂತೆ ಗುಲಾಬಿ, ಕಟ್ಟಕಡೆಗೆ ಬೂದು. ಅವತ್ತು ಊಟ ಸೇರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿದಳು.

ಆ ಮೇಲಿನ ವರ್ಷ, ಕೊರಕಲಿನ ಕಾಲುವೆ ಮುಗಿದಿರಬೇಕಿದ್ದ ವರ್ಷ, ಚಿತ್ರ ಬಂದಾಗ ನಾನು ತೆರೆಯಲು ಅಂಜಿ ಅದನ್ನು ಮಧ್ಯಾಹ್ನದವರೆಗೂ ಮೇಜಿನ ಮೇಲೇ ಇಟ್ಟಿದ್ದೆ. ಹಿರಿಯರಿಗೆ ಆಗ ಕಣ್ಣು ಮಂಜಾಗಿತ್ತು, ಬಣ್ಣ ಗೊತ್ತಾಗುತ್ತಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ದೀಪ ಹಾಕು ಎಂದು ಸನ್ನೆ ಮಾಡಿದರು. ನಾನು ಚಿತ್ರವನ್ನು ತಲೆಕೆಳಗಾಗಿಟ್ಟು, ಭೂತಗನ್ನಡಿಯನ್ನು ಊರಿನಿಂದ ಹಿಡಿದು ಒಂದೊಂದೇ ಹೊಲ ದಾಟಿಸುತ್ತಾ ಹೋದೆ.

"ಕೆಂಪೈತೇನವಾ?" ಎಂದರು.

"ಐತ್ರಿ ಸರ್" ಎಂದೆ. "ಕಡೀ ಹೊಲದ ತನಕ ಐತ್ರಿ."